ಫೋನಿಗೆ ಸಿಗುವ ವೈ-ಫೈ ಟಿವಿಗೇಕೆ ಸಿಗುವುದಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳೆಯ ಮನೆ. ಫೈಬರ್ ಇಂಟರ್ನೆಟ್ಟಿನ ರೂಟರ್ ಜಗುಲಿಯಲ್ಲಿದೆ. ಎರಡು ಗೋಡೆ ದಾಟಿ ಒಳಗಿನ ಕೋಣೆಯಲ್ಲಿ ಹೊಸದಾಗಿ ಕೊಂಡ 43 ಇಂಚಿನ ಸ್ಮಾರ್ಟ್ ಟಿವಿ ಇದೆ. ರೂಟರಿನಿಂದ ಎರಡು ಹೆಸರಿನ ವೈ-ಫೈ ಬರುತ್ತದೆ, ಒಂದರ ಕೊನೆಯಲ್ಲಿ ‘5ಜಿ’ ಎಂದಿದೆ. ಟಿವಿಯ ಪಟ್ಟಿಯಲ್ಲಿ ಆ ಹೆಸರು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಕರೆಂಟು ಹೋಗಿ ಬಂದ ಮೇಲಂತೂ ವೈ-ಫೈ ಸಿಕ್ಕಿದೆ, ಇಂಟರ್ನೆಟ್ ಇಲ್ಲ ಎಂದು ತೋರಿಸುತ್ತದೆ. ಅದೇ ಟಿವಿಯ ಮುಂದೆ ಕುಳಿತರೆ ಫೋನಿನಲ್ಲಿ ಎಲ್ಲವೂ ಚೆನ್ನಾಗಿ ಬರುತ್ತದೆ. ಟಿವಿ ಅಂಗಡಿಯವರು ರೂಟರ್ ಸರಿಯಿಲ್ಲ ಎನ್ನುತ್ತಾರೆ, ಇಂಟರ್ನೆಟ್ಟಿನವರು ಟಿವಿ ಸರಿಯಿಲ್ಲ ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇಬ್ಬರ ಮಾತೂ ಸರಿಯಿರಲಾರದು. ಟಿವಿಯೂ ಕೆಟ್ಟಿಲ್ಲ, ರೂಟರೂ ಕೆಟ್ಟಿಲ್ಲ ಎಂಬುದು ನನ್ನ ಊಹೆ. ನಿಮಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡೂ ಒಂದೇ ಪರದೆಯ ಮೇಲೆ ಕಾಣಿಸಿಕೊಳ್ಳುವುದರಿಂದ ಒಂದೇ ಎನಿಸುತ್ತಿವೆ. ಹೆಸರು ಕಾಣದಿರುವುದು ಟಿವಿ ಮತ್ತು ರೂಟರ್ ನಡುವಿನ ಗಾಳಿಯ ದಾರಿಗೆ ಸೇರಿದ ತೊಂದರೆ. ವೈ-ಫೈ ಸಿಕ್ಕಿಯೂ ಇಂಟರ್ನೆಟ್ ಇಲ್ಲ ಎನ್ನುವುದು ರೂಟರಿನಿಂದ ಆಚೆಗಿನ ದಾರಿಯದ್ದು, ಅಥವಾ ಟಿವಿಯ ಒಳಗಿನ ಗಡಿಯಾರದ್ದು. ಯಾವುದು ಯಾವ ದಾರಿಯದ್ದು ಎಂದು ತಿಳಿಯದೆ ಸೆಟ್ಟಿಂಗ್ಸ್ ಮುಟ್ಟಿದರೆ, ಸರಿಯಿದ್ದದ್ದೂ ಕೆಡುತ್ತದೆ. ಆದ್ದರಿಂದ ಯಾವುದೇ ಬಟನ್ ಒತ್ತುವ ಮೊದಲು ಒಂದೆರಡು ಪರೀಕ್ಷೆ ಮಾಡಿ ನೋಡೋಣ.

ಮೊದಲನೆಯದಾಗಿ, ಫೋನಿನಲ್ಲಿ ಚೆನ್ನಾಗಿ ಬರುತ್ತದೆ ಎಂಬ ಸಾಕ್ಷ್ಯವನ್ನೇ ಸ್ವಲ್ಪ ಜರಡಿ ಹಿಡಿಯಬೇಕು. ವೈ-ಫೈ ದುರ್ಬಲವಾದಾಗ ಬಹಳಷ್ಟು ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಬದಲಾಗುತ್ತವೆ. ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿ ಮೊಬೈಲ್ ಡೇಟಾ ಆರಿಸಿ, ಫೋನನ್ನು ಟಿವಿಯ ಮುಂದೆ ಅಲ್ಲ, ಟಿವಿಯ ಹಿಂದೆ, ಗೋಡೆ ಮತ್ತು ಟಿವಿಯ ನಡುವಿನ ಸಂದಿಯಲ್ಲಿ ಹಿಡಿದು ಒಂದು ವೀಡಿಯೊ ಹಾಕಿ ನೋಡಿ. ಟಿವಿಯ ವೈ-ಫೈ ಆ್ಯಂಟೆನಾ ಇರುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ ಅಥವಾ ಕೆಳ ಅಂಚಿನಲ್ಲಿ. ಅದರ ಒಂದು ಪಕ್ಕದಲ್ಲಿ ಪರದೆಯ ಲೋಹದ ತಗಡು, ಇನ್ನೊಂದು ಪಕ್ಕದಲ್ಲಿ ನಿಮ್ಮ ಗೋಡೆ. ಫೋನನ್ನು ನಾವು ಅರಿವಿಲ್ಲದೆಯೇ ಆಚೀಚೆ ಅಲುಗಾಡಿಸಿ ಸಿಗ್ನಲ್ ಸಿಗುವಲ್ಲಿಗೆ ತರುತ್ತೇವೆ. ಮೊಳೆ ಹೊಡೆದು ಕೂರಿಸಿದ ಟಿವಿಗೆ ಆ ಸೌಕರ್ಯವಿಲ್ಲ. ಒಂದೇ ಕೋಣೆಯಲ್ಲಿದ್ದ ಮಾತ್ರಕ್ಕೆ ಎರಡಕ್ಕೂ ಒಂದೇ ಸಿಗ್ನಲ್ ಸಿಗುತ್ತದೆ ಎಂದುಕೊಳ್ಳುವುದೇ ಈ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು.

ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳು ಫೋನಿಗೆ ಸಿಗುತ್ತವೆ. ಅವು ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ತೋರಿಸುತ್ತವೆ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ. ಟಿವಿಯ ಹಿಂದೆ ಹಿಡಿದಾಗ -65ರ ಆಸುಪಾಸಿನಲ್ಲಿದ್ದರೆ ವೀಡಿಯೊ ನೋಡಲು ಧಾರಾಳವಾಯಿತು. -70 ದಾಟಿದರೆ ಆಗಾಗ ಸುತ್ತುವ ಚಕ್ರ ನೋಡಬೇಕಾಗುತ್ತದೆ. -80ರ ಹತ್ತಿರ ಹೋದರೆ ಹೆಸರು ಪಟ್ಟಿಯಲ್ಲಿ ಕಾಣುವುದೂ ಕಾಣದಿರುವುದೂ ಅದೃಷ್ಟದ ಮಾತು. ನಿಮ್ಮ 5ಜಿ ಹೆಸರಿನ ಕಥೆ ಇದೇ ಇರಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ರೂಟರಿನ ಹೆಸರಿನ ಕೊನೆಯಲ್ಲಿರುವ 5ಜಿಗೂ ಮೊಬೈಲಿನ 5ಜಿಗೂ ಯಾವ ಸಂಬಂಧವೂ ಇಲ್ಲ. ಮೊಬೈಲಿನಲ್ಲಿ ಅದು ಐದನೆಯ ತಲೆಮಾರು. ರೂಟರಿನಲ್ಲಿ ಅದು 5 ಗಿಗಾಹರ್ಟ್ಸ್ ತರಂಗ. ಇನ್ನೊಂದು ಹೆಸರು 2.4 ಗಿಗಾಹರ್ಟ್ಸ್‌ನದ್ದು. 5ರಲ್ಲಿ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ, 2.4ರಲ್ಲಿ ವೇಗ ಕಡಿಮೆ, ಆದರೆ ದೂರ ಹೋಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಸ್ಮಾರ್ಟ್ ಟಿವಿಗಳಿಗೆ 5 ಗಿಗಾಹರ್ಟ್ಸ್ ಹಿಡಿಯುವ ಸಾಮರ್ಥ್ಯವೇ ಇರುವುದಿಲ್ಲ, ಅವುಗಳ ಪಟ್ಟಿಯಲ್ಲಿ ಆ ಹೆಸರು ಎಂದಿಗೂ ಬಾರದು. ನಿಮ್ಮ ಟಿವಿಯಲ್ಲಿ ಒಮ್ಮೊಮ್ಮೆಯಾದರೂ ಕಾಣುತ್ತದೆ ಎಂದರೆ ಟಿವಿಗೆ ಆ ಸಾಮರ್ಥ್ಯವಿದೆ, ತರಂಗವೇ ಸೊರಗಿ ಬರುತ್ತಿದೆ ಎಂದಾಯಿತು. ಮಲೆನಾಡಿನ ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನಾಗಲಿ ಜಂಬಿಟ್ಟಿಗೆ ಕಲ್ಲಿನ ಗೋಡೆಯನ್ನಾಗಲಿ ಎರಡೆರಡು ಬಾರಿ ದಾಟಿ ಬರುವುದು 5 ಗಿಗಾಹರ್ಟ್ಸ್‌ಗೆ ಕಷ್ಟದ ಕೆಲಸ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಕಷ್ಟ, ಏಕೆಂದರೆ ನೀರು ಈ ತರಂಗಗಳನ್ನು ಹೀರುತ್ತದೆ.

ಆ ಹೆಸರು ಮಾಯವಾಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. 5 ಗಿಗಾಹರ್ಟ್ಸ್‌ನಲ್ಲಿ ಹಲವು ಚಾನೆಲ್‌ಗಳಿವೆ (ಟಿವಿ ಚಾನೆಲ್ ಅಲ್ಲ, ವೈ-ಫೈ ತರಂಗ ಓಡಾಡುವ ಸಂಖ್ಯೆ ಹಾಕಿದ ಓಣಿಗಳು), ಅವುಗಳಲ್ಲಿ 52ರಿಂದ 144ರವರೆಗಿನವು ಹಲವು ದೇಶಗಳಲ್ಲಿ ಹವಾಮಾನ ರೇಡಾರ್ ಮುಂತಾದವುಗಳ ಜೊತೆ ಹಂಚಿಕೊಂಡ ತರಂಗಗಳು. ಈ ಕಾರಣಕ್ಕೆ ಕೆಲವು ರೂಟರ್‌ಗಳು ಆ ಚಾನೆಲ್ ಬಳಸುವ ಮುನ್ನ, ಅಲ್ಲಿ ರೇಡಾರಿನ ಸದ್ದಿದೆಯೇ ಎಂದು ಒಂದು ನಿಮಿಷವೋ ಇನ್ನೂ ಹೆಚ್ಚೋ ಆಲಿಸಿ, ಆಮೇಲಷ್ಟೇ ಹೆಸರು ಹೊರಡಿಸುತ್ತವೆ. ಕೆಲವು ಟಿವಿಗಳು ಆ ಚಾನೆಲ್‌ಗಳತ್ತ ತಿರುಗಿಯೂ ನೋಡುವುದಿಲ್ಲ. ರೂಟರಿನಲ್ಲಿ ಚಾನೆಲ್ ‘ಆಟೋ’ ಎಂದಿದ್ದರೆ ಅದು ಇವತ್ತು 36ರಲ್ಲಿ, ನಾಳೆ 100ರಲ್ಲಿ ಇರಬಹುದು. ಟಿವಿಗೆ ಇವತ್ತು ಕಂಡದ್ದು ನಾಳೆ ಕಾಣದು. ರೂಟರಿನ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಚಾನೆಲನ್ನು 36ಕ್ಕೆ ಅಥವಾ 149ಕ್ಕೆ ಖಾಯಂ ಮಾಡಿದರೆ ಈ ಆಟ ನಿಲ್ಲುತ್ತದೆ.

ಆದರೆ ನಿಮ್ಮ ಮನೆಯ ಮಟ್ಟಿಗೆ ನನ್ನ ಸಲಹೆಯೆಂದರೆ 5ಜಿಯ ಬೆನ್ನು ಹತ್ತಬೇಡಿ. ಟಿವಿಗೆ ಬೇಕಾದ ವೇಗ ಜನ ಅಂದುಕೊಂಡಷ್ಟಿಲ್ಲ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಂತೆ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ಸಾಕು. ಇಷ್ಟನ್ನು 2.4 ಗಿಗಾಹರ್ಟ್ಸ್ ನಿರಾಯಾಸವಾಗಿ ಕೊಡಬಲ್ಲದು. ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನಾನು ಇದರ ತಿರುಗುಮುರುಗು ಹೇಳುತ್ತಿದ್ದೆ. ಅಲ್ಲಿ ಟಿವಿಯಲ್ಲಿ ವೈ-ಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಮನೆಗಳ ಇಪ್ಪತ್ತು ಮೂವತ್ತು ಹೆಸರುಗಳು ಸಾಲುಗಟ್ಟಿ ನಿಲ್ಲುತ್ತವೆ, ಎಲ್ಲವೂ 2.4ರ ಮೂರೇ ಓಣಿಗಳಲ್ಲಿ ನುಗ್ಗಾಡುತ್ತಿರುತ್ತವೆ. ತೋಟದ ನಡುವಿನ ನಿಮ್ಮ ಮನೆಯಲ್ಲಿ ಆ ಜಾತ್ರೆ ಇಲ್ಲ. ಟಿವಿಯನ್ನು 2.4ರ ಹೆಸರಿಗೇ ಸೇರಿಸಿ, 5ಜಿ ಹೆಸರು ಹಿಂದೆಂದೋ ಸೇರಿಕೊಂಡಿದ್ದರೆ ಅದನ್ನು ಟಿವಿಯ ನೆನಪಿನಿಂದ ಅಳಿಸಿಹಾಕಿ. ಇಲ್ಲವಾದರೆ ಟಿವಿ ತಾನಾಗಿಯೇ ಆ ದುರ್ಬಲ ಹೆಸರಿನತ್ತ ಮತ್ತೆ ಮತ್ತೆ ಜಿಗಿಯುತ್ತದೆ. ರೂಟರಿನಲ್ಲಿ 2.4ರ ಚಾನೆಲ್ 1, 6 ಅಥವಾ 11 ಇರಲಿ, ಆ ಚಾನೆಲಿನ ಅಗಲ 20 ಮೆಗಾಹರ್ಟ್ಸ್ ಇರಲಿ. ಕೆಲವು ರೂಟರ್‌ಗಳು ಎರಡೂ ತರಂಗಕ್ಕೆ ಒಂದೇ ಹೆಸರಿಟ್ಟು, ಯಾವುದು ಬೇಕೋ ತಾವೇ ಆರಿಸಿ ಕೊಡುತ್ತವೆ. ನಿಮ್ಮಲ್ಲಿ ಎರಡು ಹೆಸರು ಬೇರೆಯಾಗಿಯೇ ಇರುವುದು ಅನುಕೂಲ, ಹಾಗೆಯೇ ಇರಲಿ.

ಸೇರಿಸುವ ಕ್ರಮ ನಿಮಗೆ ಗೊತ್ತೇ ಇದೆ: ಸೆಟ್ಟಿಂಗ್ಸ್, ನೆಟ್‌ವರ್ಕ್, ಪಟ್ಟಿಯಲ್ಲಿ ಹೆಸರು, ಪಾಸ್‌ವರ್ಡ್. ಸೋಲುವುದು ಹೆಚ್ಚಾಗಿ ಕೊನೆಯ ಹೆಜ್ಜೆಯಲ್ಲಿ. ರಿಮೋಟಿನ ಬಾಣದ ಗುಂಡಿ ಒತ್ತುತ್ತ, ಪರದೆಯ ಮೇಲಿನ ಅಕ್ಷರಗಳ ಮೇಲೆ ಹಳದಿ ಚೌಕವನ್ನು ಒಂದೊಂದೇ ಮನೆ ನಡೆಸುತ್ತ, ದೊಡ್ಡಕ್ಷರಕ್ಕೆ ಒಮ್ಮೆ, ಅಂಕಿಗಳಿಗೆ ಇನ್ನೊಮ್ಮೆ ಪುಟ ಬದಲಿಸುತ್ತ, ಕೊನೆಗೆ ನಮೂದಿಸಿದ್ದೆಲ್ಲ ಚುಕ್ಕಿಗಳಾಗಿ ಕಂಡಾಗ ತಪ್ಪೆಲ್ಲಾಯಿತು ಎಂದು ದೇವರಿಗೇ ಗೊತ್ತು. ನನ್ನ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಒಂದು ಭಾನುವಾರ ಅರ್ಧ ದಿನ ಕಳೆದಿದ್ದೇನೆ. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಸೊನ್ನೆ, ನಾನು ಓದಿದ್ದು ಇಂಗ್ಲಿಷಿನ ‘ಓ’. ಟಿವಿ ಪ್ರತಿ ಸಲವೂ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು, ನಾನು ಟಿವಿಯೇ ತಪ್ಪು ಎನ್ನುತ್ತಿದ್ದೆ. ‘ಪಾಸ್‌ವರ್ಡ್ ತೋರಿಸು’ ಎಂಬ ಚೌಕಕ್ಕೆ ಗುರುತು ಹಾಕಿಕೊಂಡೇ ಬರೆಯಿರಿ. ಅದಕ್ಕಿಂತ ಒಳ್ಳೆಯದೆಂದರೆ, ರೂಟರಿನಲ್ಲೇ ಪಾಸ್‌ವರ್ಡ್ ಬದಲಿಸಿ, ಸಣ್ಣ ಅಕ್ಷರ ಮತ್ತು ಅಂಕಿಗಳಷ್ಟೇ ಇರುವ, ಆದರೆ ಹದಿನಾಲ್ಕು ಹದಿನೈದು ಅಕ್ಷರ ಉದ್ದದ ಒಂದನ್ನು ಇಟ್ಟುಕೊಳ್ಳುವುದು. ಉದ್ದವೇ ಅದಕ್ಕೆ ಬಲ ಕೊಡುತ್ತದೆ, ಚಿತ್ರವಿಚಿತ್ರ ಚಿಹ್ನೆಗಳು ಬೇಕಿಲ್ಲ.

ಪಾಸ್‌ವರ್ಡ್ ಸರಿಯಿದ್ದೂ ಟಿವಿ ಒಪ್ಪದಿದ್ದರೆ ರೂಟರಿನ ಭದ್ರತೆಯ ವಿಧಾನವನ್ನು ನೋಡಬೇಕು. ಹೊಸ ರೂಟರ್‌ಗಳಲ್ಲಿ 2018ರಲ್ಲಿ ಬಂದ ಡಬ್ಲ್ಯೂಪಿಎ3 ವಿಧಾನವೊಂದನ್ನೇ ಇಟ್ಟಿದ್ದರೆ, ಅದನ್ನು ತಿಳಿಯದ ಟಿವಿಗಳು ಹೊಸಿಲಲ್ಲೇ ನಿಲ್ಲುತ್ತವೆ. ಟಿವಿ ಮಾತ್ರ ಆಗಲೂ ಪಾಸ್‌ವರ್ಡ್ ತಪ್ಪು ಎಂದೇ ಹೇಳಬಹುದು. ಡಬ್ಲ್ಯೂಪಿಎ2, ಎಇಎಸ್ ಎಂದು ಇಡಿ, ಅಥವಾ 2 ಮತ್ತು 3 ಸೇರಿದ ಮಿಶ್ರ ವಿಧಾನ ಇಡಿ. ಟಿವಿಗೆ ಸುಲಭವಾಗಲೆಂದು ಪಾಸ್‌ವರ್ಡನ್ನೇ ತೆಗೆದುಹಾಕುವವರೂ ಇದ್ದಾರೆ, ಆ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಎರಡನೆಯ ತೊಂದರೆಗೆ ಬರುತ್ತೇನೆ. ನಿಮ್ಮನ್ನು ದಿನವೂ ಕಾಡುತ್ತಿರುವುದು ಇದೇ ಎನಿಸುತ್ತದೆ. ಕರೆಂಟು ಬಂದ ಕ್ಷಣದಲ್ಲಿ ಟಿವಿಯೂ ರೂಟರೂ ಒಟ್ಟಿಗೆ ಏಳುತ್ತವೆ. ರೂಟರ್ ಅರ್ಧ ನಿಮಿಷದಲ್ಲೋ ಒಂದು ನಿಮಿಷದಲ್ಲೋ ವೈ-ಫೈ ಹೆಸರು ಬಿಡುತ್ತದೆ, ಟಿವಿ ಹೋಗಿ ಸೇರಿಕೊಳ್ಳುತ್ತದೆ. ಆದರೆ ಫೈಬರಿನ ಆ ತುದಿಯೊಂದಿಗೆ ಮಾತು ಕುದುರಿಸಿ ಇಂಟರ್ನೆಟ್ ತರಲು ರೂಟರಿಗೆ ಇನ್ನೂ ಎರಡು ಮೂರು ನಿಮಿಷ ಬೇಕಾಗಬಹುದು. ಊರಿನಲ್ಲೆಲ್ಲ ಕರೆಂಟು ಹೋಗಿದ್ದರೆ ನಡುವಿನ ಉಪಕರಣಗಳೂ ಏಳಬೇಕು. ಅಷ್ಟರಲ್ಲಿ ಟಿವಿ ಒಂದು ಸಣ್ಣ ಪರೀಕ್ಷೆ ಮಾಡಿ, ಇಂಟರ್ನೆಟ್ ಇಲ್ಲ ಎಂದು ತೀರ್ಪು ಬರೆದು ಕುಳಿತಿರುತ್ತದೆ. ಆಮೇಲೆ ಇಂಟರ್ನೆಟ್ ಬಂದರೂ ಕೆಲವು ಟಿವಿಗಳು ಆ ತೀರ್ಪನ್ನು ಬೇಗ ತಿದ್ದಿಕೊಳ್ಳುವುದಿಲ್ಲ. ರೂಟರಿನ ಮುಂಭಾಗದ ದೀಪಗಳನ್ನು ನೋಡಿ: ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಉರಿಯುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಟಿವಿಯೊಂದಿಗೆ ಹೆಣಗಿ ಪ್ರಯೋಜನವಿಲ್ಲ. ಅದು ಆರಿದ್ದು ಪಿಒಎನ್ ದೀಪ ಮಿಟುಕದೆ ಸ್ಥಿರವಾಗಿದ್ದರೆ ಟಿವಿಯಲ್ಲಿ ವೈ-ಫೈ ಒಮ್ಮೆ ಆರಿಸಿ ಹಚ್ಚಿದರೆ ಸಾಕಾಗಬಹುದು.

ಅದೂ ಆಗದಿದ್ದರೆ ಟಿವಿಯ ದಿನಾಂಕ ನೋಡಿ. ಇದನ್ನು ಅಂಗಡಿಯವರೂ ನೋಡುವುದಿಲ್ಲ, ಇಂಟರ್ನೆಟ್ಟಿನವರೂ ನೋಡುವುದಿಲ್ಲ. ಹಲವು ಟಿವಿಗಳಲ್ಲಿ ಕೈಗಡಿಯಾರದಲ್ಲಿರುವಂಥ ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ; ಪ್ಲಗ್ಗಿನ ಕರೆಂಟು ತಪ್ಪಿದೊಡನೆ ಅವು ಸಮಯ ಮರೆತು, ಎದ್ದಾಗ ಯಾವುದೋ ಹಳೆಯ ವರ್ಷದಲ್ಲಿರುತ್ತವೆ. ಇಂದಿನ ಬಹುಪಾಲು ಜಾಲತಾಣಗಳೂ ಸೇವೆಗಳೂ ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ, ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಳೆಯ ವರ್ಷದಲ್ಲಿ ಕುಳಿತ ಟಿವಿಗೆ ಅದು ಇನ್ನೂ ಹುಟ್ಟದ ಪತ್ರ. ಆದ್ದರಿಂದ ಅದನ್ನು ನಂಬದೆ ಬಾಗಿಲು ಹಾಕಿಕೊಳ್ಳುತ್ತದೆ. ವೈ-ಫೈ ಇದೆ, ಇಂಟರ್ನೆಟ್ ಇದೆ, ಆದರೂ ಏನೂ ತೆರೆಯುವುದಿಲ್ಲ. ಹಳೆಯ ಟಿವಿಗಳಲ್ಲಿ ಇದೇ ಜಾತಿಯ ತೊಂದರೆ ಬೇರೆ ರೀತಿಯಲ್ಲೂ ಬರುತ್ತದೆ: 2021ರ ಸೆಪ್ಟೆಂಬರ್ 30ರಂದು ಬಹು ಬಳಕೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ತಂತ್ರಾಂಶ ನವೀಕರಿಸದ ಎಷ್ಟೋ ಹಳೆಯ ಸಾಧನಗಳಲ್ಲಿ ಅನೇಕ ತಾಣಗಳು ಒಮ್ಮೆಲೇ ತೆರೆಯದಾದವು. ನಿಮ್ಮದು ಹೊಸ ಟಿವಿಯಾದ್ದರಿಂದ ಆ ಭಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ‘ಸ್ವಯಂಚಾಲಿತ’ ಎಂದಿಡಿ, ಸಮಯವಲಯ ಭಾರತದ್ದೇ ಇದೆಯೇ ನೋಡಿ. ಸ್ವಯಂಚಾಲಿತವಾಗಿಯೂ ತಪ್ಪು ತೋರಿಸುತ್ತಿದ್ದರೆ ಒಮ್ಮೆ ಕೈಯಿಂದ ಸರಿಯಾದ ದಿನಾಂಕ ಹಾಕಿ, ಟಿವಿ ಇಂಟರ್ನೆಟ್ ಹಿಡಿದ ಮೇಲೆ ಮತ್ತೆ ಸ್ವಯಂಚಾಲಿತಕ್ಕೆ ತನ್ನಿ.

ಇದರ ಜೊತೆಗೆ ಹೇಳಲೇಬೇಕಾದ ಒಂದು ಮಾತೆಂದರೆ, ರಿಮೋಟಿನಲ್ಲಿ ಆರಿಸಿದರೆ ಟಿವಿ ಆರುವುದಿಲ್ಲ, ಮಲಗುತ್ತದೆ ಅಷ್ಟೇ. ಎದ್ದಾಗ ನಿನ್ನೆಯ ಐಪಿ ವಿಳಾಸವನ್ನೇ, ಅಂದರೆ ಮನೆಯ ಪ್ರತಿ ಸಾಧನಕ್ಕೂ ರೂಟರ್ ಕೊಡುವ ಸಂಖ್ಯೆಯನ್ನೇ, ಹಿಡಿದುಕೊಂಡು ಎದ್ದು, ಅಷ್ಟರಲ್ಲಿ ರೂಟರ್ ಅದನ್ನು ಬೇರೊಂದು ಫೋನಿಗೆ ಕೊಟ್ಟಿದ್ದರೆ ಎರಡಕ್ಕೂ ಜಗಳವಾಗುತ್ತದೆ. ಗೋಡೆಯ ಸ್ವಿಚ್ ಆರಿಸಿ ಒಂದು ನಿಮಿಷ ಬಿಟ್ಟು ಹಚ್ಚುವುದೇ ನಿಜವಾದ ಮರುಪ್ರಾರಂಭ. ನೆಟ್‌ವರ್ಕ್ ವಿವರದಲ್ಲಿ ಐಪಿ ವಿಳಾಸ 192.168 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಸರಿಯಿದೆ ಎಂದರ್ಥ. 169.254 ಎಂದು ಶುರುವಾಗಿದ್ದರೆ ರೂಟರ್ ಟಿವಿಗೆ ವಿಳಾಸ ಕೊಟ್ಟೇ ಇಲ್ಲ, ಟಿವಿ ತಾನೇ ಒಂದನ್ನು ಕಲ್ಪಿಸಿಕೊಂಡಿದೆ. ಆಗ ರೂಟರನ್ನೂ ಒಮ್ಮೆ ಆರಿಸಿ ಹಚ್ಚಬೇಕು. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ರೂಟರನ್ನು ಇನ್ವರ್ಟರಿನ ಲೈನಿಗೆ ಸೇರಿಸುವುದು, ಇಲ್ಲವೇ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಳ್ಳುವುದು ಈ ಎಲ್ಲ ಸರ್ಕಸ್ಸಿಗೂ ನೇರವಾದ ಮದ್ದು. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿರುವುದನ್ನು ಗುರುತು ಮಾಡಿಕೊಳ್ಳಿ. 12 ವೋಲ್ಟಿನವೇ ಹೆಚ್ಚು, ಆದರೆ 9 ವೋಲ್ಟಿನವೂ ಇವೆ.

2.4ಕ್ಕೆ ಸೇರಿಸಿದ ಮೇಲೂ ಟಿವಿಯ ಹಿಂದೆ ಸಿಗ್ನಲ್ -75ರ ಆಚೆಗೇ ಇದ್ದರೆ ರೂಟರಿನಿಂದ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯಿರಿ. ಇದನ್ನು ಹಳೆಯ ಕಾಲದ ದಾರಿ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ದಪ್ಪ ಗೋಡೆಯ ಮನೆಗೆ ಇದಕ್ಕಿಂತ ನಂಬಿಕಸ್ಥ ದಾರಿ ಇಲ್ಲ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಏನೂ ಕುಂದಿಲ್ಲದೆ ಒಯ್ಯುತ್ತದೆ. ಮನೆಯೊಳಗಿನ ಇಪ್ಪತ್ತು ಮೀಟರ್ ಅದಕ್ಕೆ ಯಾವ ಲೆಕ್ಕ? ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟು 100 ಮೆಗಾಬಿಟ್ಟಿಗೆ ಸೀಮಿತ, ಆದರೂ ಅದು 4ಕೆಗೆ ಬೇಕಾದುದರ ಆರು ಪಟ್ಟಿಗೂ ಹೆಚ್ಚು. ವೈರಿಂಗಿನ ಪೈಪಿನಲ್ಲಿ ಕರೆಂಟಿನ ವೈರುಗಳ ಜೊತೆಗೆ ಅದನ್ನು ತುರುಕಬೇಡಿ, ಬಾಗಿಲ ಚೌಕಟ್ಟಿನ ಮೇಲೆ ಬೇರೆಯಾಗಿ ಒಯ್ಯಿರಿ.

ಕೇಬಲ್ ಬೇಡವೆಂದರೆ ಎಕ್ಸ್‌ಟೆಂಡರ್, ಅಂದರೆ ವೈ-ಫೈ ಹಿಡಿದು ಮುಂದಕ್ಕೆ ದಾಟಿಸುವ ಸಣ್ಣ ಪೆಟ್ಟಿಗೆ, ಹಾಕಬಹುದು, ಆದರೆ ಅದನ್ನು ಟಿವಿಯ ಪಕ್ಕದಲ್ಲಿಟ್ಟು ನಿರಾಶರಾಗುವವರೇ ಹೆಚ್ಚು. ಸೊರಗಿದ ಸಿಗ್ನಲ್ಲನ್ನು ಹಿಡಿದು ಅದನ್ನೇ ಮತ್ತೆ ಬಿಟ್ಟರೆ ಸಿಗುವುದು ಪೂರ್ತಿ ಗೆರೆ ತೋರಿಸುವ ಸೊರಗಿದ ಇಂಟರ್ನೆಟ್. ರೂಟರಿಗೂ ಟಿವಿಗೂ ನಡುವೆ, ಮೊದಲ ಗೋಡೆ ದಾಟಿದ ಕೂಡಲೇ ಸಿಗುವ ಪ್ಲಗ್ಗಿನಲ್ಲಿ ಅದು ಇರಬೇಕು. ಅಷ್ಟಕ್ಕೂ ಮೊದಲು ರೂಟರ್ ಎಲ್ಲಿದೆ ನೋಡಿಕೊಳ್ಳಿ. ಕಬ್ಬಿಣದ ಬೀರುವಿನ ಹಿಂದೆ, ಗಾಜಿನ ಕಪಾಟಿನೊಳಗೆ, ನೆಲದ ಮೇಲೆ ಇದ್ದರೆ ಅದನ್ನು ಆಳೆತ್ತರಕ್ಕೆ, ಒಳಕೋಣೆಯ ಬಾಗಿಲಿಗೆ ನೇರವಾಗಿ ಏರಿಸಿದರೆ ಅರ್ಧ ತೊಂದರೆ ಖರ್ಚಿಲ್ಲದೆ ಮುಗಿಯಬಹುದು. ತರಂಗಕ್ಕೆ ಗೋಡೆಗಿಂತ ತೆರೆದ ಬಾಗಿಲು ಪ್ರಿಯ. ಟಿವಿಯ ಯುಎಸ್‌ಬಿ ಪೋರ್ಟಿಗೆ ಸಿನಿಮಾ ತುಂಬಿದ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ, ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸ್‌ನಲ್ಲೇ ಸದ್ದು ಮಾಡುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ, ದೋಷ ಯಾರದು ಎಂದು ತೀರ್ಮಾನಿಸುವ ಪರೀಕ್ಷೆ ಒಂದಿದೆ. ನಿಮ್ಮ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಅದನ್ನು 2.4ಕ್ಕೆ ಇಟ್ಟು, ಟಿವಿಯನ್ನು ಅದಕ್ಕೆ ಸೇರಿಸಿ ಐದು ನಿಮಿಷ ಏನಾದರೂ ನೋಡಿ. ಒಳಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದಿದ್ದರೆ, ಆ ಕಡೆಯ ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ ಎಂದು ಬಲ್ಲೆ, ಇಬ್ಬರು ಸೇರಿ ಟಿವಿಯನ್ನು ಇಳಿಸಿ ಜಗುಲಿಗೆ ತಂದು ರೂಟರಿನ ಎದುರಿಗೇ ಇಟ್ಟು ಹಚ್ಚಿ ನೋಡಿ. ಹಾಟ್‌ಸ್ಪಾಟಿನಲ್ಲಿ ಟಿವಿ ಸರಾಗವಾಗಿ ನಡೆದರೆ ಟಿವಿ ಸರಿಯಿದೆ. ಇಂಟರ್ನೆಟ್ಟಿನವರಿಗೆ ಆ ಮಾತು ಹೇಳಿ, ರೂಟರಿನಲ್ಲಿ ಚಾನೆಲ್ ಮತ್ತು ಭದ್ರತೆಯ ವಿಧಾನ ಬದಲಿಸಿಕೊಡಲು ಕೇಳಿ. ರೂಟರಿನ ಎದುರಿಗಿದ್ದೂ, ದಿನಾಂಕ ಸರಿಯಿದ್ದೂ, ಅದೇ ರೂಟರಿನಲ್ಲಿ ಮೊಬೈಲ್ ಡೇಟಾ ಆರಿಸಿದ ಫೋನು ನಡೆಯುತ್ತಿದ್ದೂ ಟಿವಿಯೊಂದೇ ತಡವರಿಸಿದರೆ, ಒಮ್ಮೆ ಅದರ ತಂತ್ರಾಂಶ ನವೀಕರಿಸಿ, ಆಮೇಲೂ ಹಾಗೆಯೇ ಇದ್ದರೆ ಅದರ ವೀಡಿಯೊ ಮಾಡಿಕೊಂಡು ವಾರಂಟಿ ಚೀಟಿಯ ಜೊತೆಗೆ ಅಂಗಡಿಯವರಿಗೆ ತೋರಿಸಿ. ರೂಟರ್, ಫೋನು, ಟಿವಿ ಮೂರೂ ಒಂದೇ ಚೌಕಟ್ಟಿನಲ್ಲಿರುವ ವೀಡಿಯೊ ಕಂಡ ಮೇಲೆ ರೂಟರ್ ಸರಿಯಿಲ್ಲ ಎನ್ನುವುದು ಅವರಿಗೂ ಕಷ್ಟವಾಗುತ್ತದೆ.